ಡಾಕ್ಟರ ಮುಂದೆ ಬಾಯಿಬಿಡು

ಬೊರಿವಲಿಯ ಪ್ರೀತಿಯ ತಮ್ಮಾ,

ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದು, ಶಾಲೆ-ಕಾಲೇಜಿನಿಂದ ನೂರು ಗಜದೊಳಗೆ ಅದರ ಮಾರಾಟವೇ ಕೂಡದು ಎನ್ನುತ್ತದೆ 2003ರ ಕಾನೂನು. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಲ್ಲೇ ನಿಷೇಧವಾಗಿದೆ. ಆದರೂ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 13ರಿಂದ 15 ವಯಸ್ಸಿನ ಶಾಲಾಮಕ್ಕಳಲ್ಲಿ ಶೇ. 8.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಕಾನೂನು ಪಾನ್ ಟಪರಿಯವನನ್ನು ತಡೆದೀತು. ಗೆಳೆಯ ಕೈಗಿಡುವ ಪುಡಿಕೆಯನ್ನು ತಡೆಯಲಾರದು. ಅಲ್ಲಿ ನಿನ್ನ ನೆರವಿಗೆ ಬರಬಲ್ಲವರು ಡಾಕ್ಟರು. ಜ್ವರಕ್ಕೋ ಹಲ್ಲುನೋವಿಗೋ ಹೋದಾಗ ತಂಬಾಕಿನ ಮಾತನ್ನೂ ನೀನಾಗಿ ಎತ್ತು ಎಂಬುದೇ ನನ್ನ ಬುದ್ಧಿಮಾತು.

ಡಾಕ್ಟರು ಎರಡು ನಿಮಿಷ ತಿಳಿಹೇಳಿದರೂ ಬಿಡುವವರ ಸಂಖ್ಯೆ ಒಂದಿಷ್ಟು ಹೆಚ್ಚುತ್ತದೆ ಎಂಬುದು ದೊಡ್ಡವರ ಮೇಲಿನ ಅಧ್ಯಯನಗಳಲ್ಲಿ ಕಂಡ ಸಂಗತಿ. ಹದಿಹರೆಯದವರ ವಿಷಯದಲ್ಲಿ, ಚಟ ಶುರುವಾಗದಂತೆ ತಡೆಯಲು ಇಂಥ ಮಾತು ನೆರವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆ, ಅಂಟಿದ ಚಟ ಬಿಡಿಸುತ್ತದೆಂಬುದಕ್ಕೆ ಇನ್ನೂ ಸಾಲದು. ಹಾಗಾದರೆ ಹೋಗಿ ಏನು ಫಲ ಎಂದು ಕೇಳಬೇಡ. ಬೇಗ ಹೋಗಬೇಕು ಎಂಬುದಕ್ಕೆ ಇದೇ ಕಾರಣ. ಇನ್ನೊಂದು ಕಾರಣವೂ ಇದೆ: ನಮ್ಮ ಮಹಾರಾಷ್ಟ್ರದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಅಡಿಕೆ ಬೆರೆತ ಪುಡಿ ಜಗಿದು ಬಾಯೊಳಗಿನ ಚರ್ಮ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗತೊಡಗಿದರೆ ಅದು ಮೊದಲಿನಂತಾಗುವುದು ದುರ್ಲಭ. ಕ್ಯಾನ್ಸರಿನ ಭಯವೂ ಅದರ ಬೆನ್ನಿಗೇ ಇರುತ್ತದೆ. ನಿನಗಿನ್ನೂ ನೋವೇ ಕಾಣದಿರುವಾಗ ಹಲ್ಲಿನ ಡಾಕ್ಟರು ಬಾಯೊಳಗೆ ಬಿಳಿಚಿದ ಗುರುತನ್ನು ಕಂಡುಹಿಡಿಯಬಲ್ಲರು.

ಮನೆಯಲ್ಲಿ ಹೇಳಿಬಿಟ್ಟರೆ ಎಂಬ ನಿನ್ನ ಅಂಜಿಕೆ ಸಹಜವೇ. ಐದು ನಿಮಿಷ ಒಬ್ಬನೇ ಮಾತಾಡಬೇಕು ಎಂದು ಕೇಳು. ಯಾವುದನ್ನು ಗುಟ್ಟಾಗಿಡುತ್ತಾರೆ, ಯಾವುದನ್ನು ಮನೆಯವರಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೋ. ಬೇಕೆಂದಾಗ ನಾನೇ ಬಿಡುತ್ತೇನೆ ಎನ್ನುವೆಯಾ? ಬಿಟ್ಟ ಮೊದಲ ವಾರ ಸಿಡಿಮಿಡಿ, ನಿದ್ದೆಗೇಡು, ತಲೆನೋವು ಜೋರಾಗಿರುತ್ತವೆ. ಕೆಲವು ವಾರಗಳಲ್ಲಿ ಇಳಿಯುತ್ತವೆ. ಇದನ್ನು ತಿಳಿಯದವನು ಮೂರನೇ ದಿನಕ್ಕೇ ಸೋತೆನೆಂದುಕೊಳ್ಳುತ್ತಾನೆ. ಮೊದಲೇ ತಿಳಿದವನು ತಡೆದುಕೊಳ್ಳುತ್ತಾನೆ. ನಿಕೋಟಿನ್ ಗಮ್ ಮಾತ್ರ ಡಾಕ್ಟರನ್ನು ಕೇಳದೆ ಜಗಿಯಬೇಡ. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡು. ಅದಕ್ಕೆ ದುಡ್ಡು ಬೀಳದು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಆ ಸೇವೆಯ ಒಂದು ಕೇಂದ್ರ. ಒಮ್ಮೆ ಬಿಟ್ಟು ಮತ್ತೆ ಹಿಡಿದೆಯಾದರೆ ನಾಚಿಕೆಯಿಂದ ದೂರ ಉಳಿಯಬೇಡ, ಅದೇ ಡಾಕ್ಟರ ಬಳಿಗೆ ಮರಳಿ ಹೋಗು. ಹಲವರಿಗೆ ಅದು ಒಂದೇ ಏಟಿಗೆ ಬಿಡುವ ಚಟವಲ್ಲ.

ಇಂತಿ,
ನಿನ್ನ ಹಿತ ಬಯಸುವ ಹಿರಿಯ