ಆಘಾತ ತರಂಗದ ಬಿಸಿ: ಅಳೆಯಬೇಕಾದ್ದು ತಾಪವೇ, ಶಾಖದ ಹರಿವೇ?

1967ರ ಅಕ್ಟೋಬರ್ 3ರಂದು ಪೀಟ್ ನೈಟ್ ಹಾರಿಸಿದ ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ ಮ್ಯಾಕ್ 6.7 (ಶಬ್ದದ 6.7 ಪಟ್ಟು) ವೇಗ ಮುಟ್ಟಿತು. ಇಳಿದ ಮೇಲೆ ನೋಡಿದರೆ, ಹೊಟ್ಟೆಯಡಿ ನಕಲಿ ಎಂಜಿನ್ ತೂಗುಹಾಕಿದ್ದ ಆಸರೆಯ ಲೋಹ ಕರಗಿ ತೂತು ಬಿದ್ದಿತ್ತು. ಇದಕ್ಕೆ ‘ಗಾಳಿಯ ಘರ್ಷಣೆ’ ಎಂದಷ್ಟೇ ಉತ್ತರ ಬರೆದರೆ ಸಾಲದು. ಬರೀ ಘರ್ಷಣೆಯಾಗಿದ್ದರೆ ಹಾನಿ ಅಷ್ಟು ಕಿರಿದಾದ ಜಾಗಕ್ಕೆ ಸೀಮಿತವಾಗುತ್ತಿರಲಿಲ್ಲ. ಆಘಾತ ತರಂಗ ಬಂದು ಬಡಿದ ಕಡೆ ಮೇಲ್ಮೈಗಂಟಿದ ಗಾಳಿಯ ಪದರ ಕದಡಿ, ಶಾಖದ ಹರಿವು ಹಲವು ಪಟ್ಟು ಏರುತ್ತದೆ.

ಆದ್ದರಿಂದ ಅಳೆಯಬೇಕಾದ್ದು ಬರೀ ತಾಪವನ್ನಲ್ಲ, ಚದರ ಮೀಟರಿಗೆ ಇಷ್ಟು ವ್ಯಾಟ್ ಎನ್ನುವ ಹರಿವನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕ್ಷಣಕಾಲ ಅತಿವೇಗದ ಗಾಳಿ ಹರಿಸಿ ಪ್ರಯೋಗ ನಡೆಸುವ ಶಾಕ್ ಟನೆಲ್‌ನಲ್ಲಿ, ಪಿಂಗಾಣಿಯಂಥ ವಸ್ತುವಿನ ಮೇಲೆ ಬಳಿದ ಪ್ಲಾಟಿನಂ ತೆಳುಪೊರೆ ಈ ಕೆಲಸ ಮಾಡುತ್ತದೆ: ಬಿಸಿಯಾದಂತೆ ಅದರ ವಿದ್ಯುತ್ ರೋಧ ಏರುತ್ತದೆ, ಏರಿದ ಬಗೆಯಿಂದ ಹರಿವನ್ನು ಲೆಕ್ಕಹಾಕುತ್ತಾರೆ. ಪ್ರಯೋಗ ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದಲ್ಲ ಎಂಬ ಆಕ್ಷೇಪವುಂಟು. ಆದರೆ ಪೊರೆ ಮೈಕ್ರೊಸೆಕೆಂಡುಗಳಲ್ಲೇ ಸ್ಪಂದಿಸುತ್ತದೆ. ಮೇಲಾಗಿ, ಬಿಸಿ ಆಳಕ್ಕಿಳಿಯುವ ಮುನ್ನವೇ ಪ್ರಯೋಗ ಮುಗಿಯುವುದರಿಂದ ಲೆಕ್ಕ ಸರಳವಾಗುತ್ತದೆ. ಗಂಭೀರ ಆಕ್ಷೇಪ ಬೇರೆ: ಎರಡು ಪೊರೆಗಳ ನಡುವಿನ ಸಂದಿಯಲ್ಲೇ ಶಾಖದ ಶಿಖರ ಬಿದ್ದರೆ ಅದು ದಾಖಲಾಗುವುದೇ ಇಲ್ಲ. ಇಡೀ ಮೇಲ್ಮೈಯನ್ನು ಒಮ್ಮೆಗೇ ತೋರಿಸುವ ಅವಗೆಂಪು ಕ್ಯಾಮೆರಾ, ತಾಪಕ್ಕೆ ತಕ್ಕಂತೆ ಹೊಳಪು ಬದಲಿಸುವ ಬಣ್ಣ ಬೇಕಾಗುವುದು ಇಲ್ಲೇ. ಕಂಪ್ಯೂಟರ್ ಲೆಕ್ಕವೇ ಸಾಕೆನ್ನುವವರಿದ್ದಾರೆ. ಆದರೆ ಆಘಾತ ತರಂಗ ಮೇಲ್ಮೈಗಂಟಿದ ಗಾಳಿಯ ಪ್ರಕ್ಷುಬ್ಧ ಪದರಕ್ಕೆ ತಾಗಿದ ಕಡೆಯೇ ಆ ಲೆಕ್ಕ ಹೆಚ್ಚಾಗಿ ತಪ್ಪುವುದು.