ಬಸ್ ಚಾರ್ಜು ಕೊಟ್ಟು ಹೋಗುವವರಿಗೆ

ರಾಯಿಕೋಡಿನ ನಮ್ಮಂಥ ಮನೆಗಳಲ್ಲಿ ಮಾತು ಕನ್ನಡ, ಪೇಟೆಯಲ್ಲಿ ತೆಲುಗು. ಕನ್ನಡ ಸಿನಿಮಾ ನೋಡಬೇಕೆಂದರೆ ಜಹೀರಾಬಾದಿಗೆ ಹೋಗಿ ಬೀದರ್ ಬಸ್ ಹಿಡಿಯಬೇಕು. ಒಂದು ದಿನವೇ ಹೋಗುತ್ತದೆ. ಹಾಗೆ ಹೋಗುವವರಿಗಾಗಿ ಸಣ್ಣ ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುತ್ತ ಬಂದಿದ್ದೇನೆ. ಕಲಿತದ್ದೆಲ್ಲ ತಪ್ಪು ಮಾಡಿಯೇ.

1. ಪ್ರಶಸ್ತಿ ಹೇಳಿದರೆ ಸಿನಿಮಾ ಹೇಳಿದಂತಲ್ಲ.
2016ರಲ್ಲಿ ‘ತಿಥಿ’ ಬಂದಾಗ ಅರ್ಧ ಲೇಖನ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿಗೇ ಹೋಯಿತು. ನೋಡಿಬಂದ ನೆರೆಮನೆಯ ಕಾಕಾ, “ಆ ಕಡೀ ಮಾತು ಅರ್ಧ ತಿಳೀಲಿಲ್ಲ. ಮೊದ್ಲೇ ಹೇಳ್ಬೇಕಿಲ್ಲೇನು?” ಎಂದರು. ನಟಿಸಿದವರು ಮಂಡ್ಯದ ನೊದೆಕೊಪ್ಪಲು ಸೀಮೆಯ ಹಳ್ಳಿಗರು, ಮಾತು ಅಲ್ಲಿಯದೇ. 101 ವರ್ಷದ ಸೆಂಚುರಿ ಗೌಡ ಸತ್ತ ಮೇಲಿನ 11 ದಿನಗಳ ಕಥೆ, ಅವಸರವಿಲ್ಲದ ನಡಿಗೆ. ಇಷ್ಟು ತಿಳಿಸಿದ್ದರೆ ಅವರು ಅದಕ್ಕೆ ಸಿದ್ಧರಾಗಿಯೇ ಕೂರುತ್ತಿದ್ದರು.

2. ಕಥೆಯನ್ನೆಲ್ಲ ಬಿಚ್ಚಿಡಬಾರದು.
2018ರಲ್ಲಿ ರಿಷಬ್ ಶೆಟ್ಟಿಯವರ ಕಾಸರಗೋಡು ಶಾಲೆಯ ಸಿನಿಮಾ ಬಂತು. ಅನಂತ್ ನಾಗ್ ಕೋರ್ಟಿನಲ್ಲಿ ವಾದಿಸುವುದನ್ನೂ ಬರೆದುಬಿಟ್ಟೆ. “ಇನ್ನ ನೋಡ್ಲಿಕ್ಕ ಏನ್ ಉಳ್ದದ?” ಎಂದು ತಂಗಿ ಕೇಳಿದಳು. ಅಂದಿನಿಂದ ಯಾರು, ಎಲ್ಲಿ, ಏನು ತೊಡಕು ಎಂಬಲ್ಲಿಗೆ ಕಥೆ ನಿಲ್ಲಿಸುತ್ತೇನೆ.

3. ವಿಷಯದ ಮೇಲಿನ ಪ್ರೀತಿ ಬೇರೆ, ಸಿನಿಮಾದ ಗುಣ ಬೇರೆ.
ಅದೇ ಸಿನಿಮಾದಲ್ಲಿ ಗಡಿಯಾಚೆಯ ಕನ್ನಡ ಶಾಲೆ ಮುಚ್ಚುವ ಸಂಕಟ ನಮ್ಮದೇ ಅನ್ನಿಸಿತು. ಮಕ್ಕಳು ಜೀವ ತುಂಬಿದ್ದರು. ಕೊನೆಯಲ್ಲಿ ಭಾಷಣ ಉದ್ದವಾಯಿತೆಂದೂ ಅನ್ನಿಸಿತ್ತು. ಅದನ್ನು ಬರೆಯದೆ ನುಂಗಿಕೊಂಡೆ. ಎರಡನ್ನೂ ಬರೆದಿದ್ದರೆ ಹೊಗಳಿಕೆಗೂ ತೂಕ ಬರುತ್ತಿತ್ತು. ಈಗ ಮೆಚ್ಚಿದ್ದಕ್ಕೂ ಮೆಚ್ಚದ್ದಕ್ಕೂ ಒಂದೊಂದು ದೃಶ್ಯವನ್ನಾದರೂ ಸಾಕ್ಷಿ ಕೊಡುತ್ತೇನೆ.

4. ಯಾವ ಭಾಷೆಯಲ್ಲಿ ಎಂಬುದನ್ನೂ ಬರೆಯಬೇಕು.
‘ಕಾಂತಾರ’ ಕನ್ನಡದಲ್ಲಿ ತೆರೆಕಂಡದ್ದು 2022ರ ಸೆಪ್ಟೆಂಬರ್ 30ಕ್ಕೆ, ತೆಲುಗಿನಲ್ಲಿ ಅಕ್ಟೋಬರ್ 15ಕ್ಕೆ. ದೈವದ ಕೋಲದ ಬಗ್ಗೆ ಉದ್ದಕ್ಕೆ ಬರೆದ ನಾನು ಇದನ್ನು ಬರೆಯಲಿಲ್ಲ. ಪರಿಚಿತರೊಬ್ಬರು ಅಜ್ಜಿಯನ್ನು ಕರೆದುಕೊಂಡು ತೆಲುಗು ಆಟಕ್ಕೆ ಹೋದರು. ಅಜ್ಜಿಗೆ ತೆಲುಗು ಅಷ್ಟಕ್ಕಷ್ಟೆ. ಒಂದು ಸಾಲಿನಲ್ಲಿ ತಪ್ಪಿಸಬಹುದಾಗಿದ್ದ ಬೇಸರ ಅದು.

ನಾನು ಬರೆದದ್ದನ್ನು ಓದಿ ಸಿನಿಮಾಕ್ಕೆ ಹೋದವರಲ್ಲಿ ನನ್ನದೊಂದು ಕೇಳಿಕೆ: ನೋಡಿ ಬಂದ ಮೇಲೆ ನಾನು ಎಲ್ಲಿ ತಪ್ಪಿದೆ ಎಂದು ಹೇಳಿ. ಈ ನಾಲ್ಕೂ ಪಾಠ ಹಾಗೆ ಹೇಳಿದವರಿಂದಲೇ ಬಂದವು.