ಆಕಾಶದ ದನಿ ಬರುತ್ತದೆ, ನೆಲದ ದನಿ ಬರುವುದಿಲ್ಲ

ಪ್ರಶ್ನೆ: ನಿವೃತ್ತಿಯ ನಂತರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ವಿಮಾನಗಳ ಮಾತುಕತೆ ಕೇಳುವ ಹುಚ್ಚು ನನಗೆ. ಅಳಿಯ ಒಂದು ಕೈ ಸ್ಕ್ಯಾನರ್ ತಂದುಕೊಟ್ಟಿದ್ದಾನೆ. ಪೈಲಟ್‌ಗಳ ಮಾತು ಸ್ಪಷ್ಟವಾಗಿ ಬರುತ್ತದೆ, ಅವರಿಗೆ ಉತ್ತರಿಸುವ ಕಂಟ್ರೋಲರ್ ದನಿ ಮಾತ್ರ ಬರೀ ಗೊರಗೊರ. ಸೆಟ್ಟು ಕಳಪೆಯೇ? ದುಬಾರಿಯದು ಕೊಡಿಸೆನ್ನಲು ಸಂಕೋಚ. ಸೂರಿನ ಮೇಲೆ ಆಂಟೆನಾ ನಿಲ್ಲಿಸಲು ಬಡಾವಣೆಯ ಸಂಘದವರು ಬಿಡುವುದಿಲ್ಲವಂತೆ. ಏನು ಮಾಡಲಿ?

ಉತ್ತರ: ಸೆಟ್ಟು ಚೆನ್ನಾಗಿಯೇ ಇದೆ. ಪೈಲಟ್‌ಗಳ ಮಾತು ಸ್ಪಷ್ಟವಾಗಿ ಬರುತ್ತಿದೆಯಲ್ಲ, ಅದೇ ಸಾಕ್ಷಿ. ಹೊಸದನ್ನು ಕೇಳುವ ಸಂಕೋಚವನ್ನು ಇಲ್ಲಿಗೇ ಬಿಟ್ಟುಬಿಡಿ.

ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯ ಬಾಗಿಗೆ ಸಿಕ್ಕರೆ ಮುಗಿಯಿತು. 35,000 ಅಡಿ ಎತ್ತರದ ವಿಮಾನದ ದನಿ 400 ಕಿ.ಮೀ. ದೂರಕ್ಕೂ ತಲುಪಬಲ್ಲದು. ಆದರೆ ನೆಲದಿಂದ 30 ಮೀಟರ್ ಎತ್ತರದಲ್ಲಿರುವ ಕಂಟ್ರೋಲರ್ ಆಂಟೆನಾ, ನಿಮ್ಮ ಕಡೆ 9 ಮೀಟರ್ ಎತ್ತರ ಎಂದಿಟ್ಟುಕೊಂಡರೆ, ನಡುವೆ ಅಡ್ಡಿಯೇ ಇಲ್ಲದಿದ್ದರೂ ದೂರದ ಮಿತಿ ಸುಮಾರು 35 ಕಿ.ಮೀ. ನಿಮ್ಮೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ಇರುವುದೂ ಅಷ್ಟೇ ದೂರ! ನೀವು ಅಂಚಿನಲ್ಲಿ ಕೂತು ಕೇಳುತ್ತಿದ್ದೀರಿ. ಸ್ಯಾನ್ ಹೋಸೆ ನಿಲ್ದಾಣ ಸುಮಾರು 20 ಕಿ.ಮೀ., ಅಲ್ಲಿಯ ಟವರ್ ಸಿಗಬೇಕು. ಸಿಗದಿದ್ದರೆ ಅದು ಮನೆಯ ತಪ್ಪು. ಆ ಕಡೆಯ ಮನೆಗಳ ಹೊರಗೋಡೆಯ ಗಾರೆಯೊಳಗೆ ಎಷ್ಟೋ ಕಡೆ ತಂತಿಬಲೆ ಇರುತ್ತದೆ, ಕಿಟಕಿ ಗಾಜಿಗೆ ಲೋಹದ ತೆಳುಲೇಪ ಬೇರೆ. ಎರಡೂ ಅಲೆಯನ್ನು ತಡೆಯುತ್ತವೆ. ಸೆಟ್ಟಿನ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾ ಎಲ್ಲ ಬ್ಯಾಂಡಿಗೂ ಒಗ್ಗಲೆಂದು ಮಾಡಿದ್ದು, ಯಾವುದಕ್ಕೂ ಸರಿಯಾಗಿ ಒಗ್ಗುವುದಿಲ್ಲ.

ನಿಮಗೆ ಬೇಕಾದ ಆಂಟೆನಾವನ್ನು ಮನೆಯಲ್ಲೇ ಮಾಡಬಹುದು. ಒಂದು ಎಸ್‌ಒ-239 ಸಾಕೆಟ್ ತನ್ನಿ. ನಡುವಿನ ಪಿನ್ನಿಗೆ 56 ಸೆಂ.ಮೀ. ಉದ್ದದ ಗಟ್ಟಿ ತಾಮ್ರದ ತಂತಿಯನ್ನು ನೆಟ್ಟಗೆ ಬೆಸೆಯಿರಿ. ನಾಲ್ಕು ಮೂಲೆಯ ತೂತುಗಳಿಗೆ 59 ಸೆಂ.ಮೀ. ಉದ್ದದ ನಾಲ್ಕು ತಂತಿಗಳನ್ನು ಬಿಗಿದು, ಕೆಳಕ್ಕೆ 45 ಡಿಗ್ರಿ ಬಗ್ಗಿಸಿ. 127 ಮೆಗಾಹರ್ಟ್ಸ್ ಸುತ್ತಮುತ್ತ ತರಂಗದ ಉದ್ದ ಸುಮಾರು 2.36 ಮೀಟರ್, ಅದರ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಎಂದು ಈ 56. ಹಿಂದೆ ದೂರದರ್ಶನಕ್ಕಾಗಿ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸಿದವರಿಗೆ ಒಂದು ಎಚ್ಚರಿಕೆ: ಆ ಕಡ್ಡಿಗಳು ಮಲಗಿರುತ್ತಿದ್ದವು, ಇದು ನಿಂತೇ ಇರಬೇಕು. ವಿಮಾನದ ರೇಡಿಯೊ ಅಲೆಗಳು ಲಂಬವಾಗಿರುತ್ತವೆ. ದಿಕ್ಕಿಗೆ ತಿರುಗಿಸುವ ಕಷ್ಟವೂ ಇಲ್ಲ.

ಇನ್ನು ಸಂಘದವರ ಮಾತು. ಟಿವಿ ಡಿಶ್‌ಗೆ ಅಮೆರಿಕದ ಕೇಂದ್ರ ನಿಯಮದ ರಕ್ಷಣೆ ಇದೆ, ಸ್ಕ್ಯಾನರ್ ಆಂಟೆನಾಕ್ಕೆ ಇಲ್ಲ. ಜಗಳಕ್ಕೆ ಹೋಗಬೇಡಿ, ಅಟ್ಟದೊಳಗೆ ನಿಲ್ಲಿಸಿ. ಹಂಚಿನ ಅಥವಾ ಡಾಂಬರು ಶಿಂಗಲ್‌ನ ಸೂರು ಈ ಅಲೆಗಳಿಗೆ ಹೆಚ್ಚು ಅಡ್ಡಿಯಲ್ಲ. ಸೂರಿನ ಒಳಬದಿಗೆ ಬಿಸಿಲು ತಡೆಯುವ ಅಲ್ಯೂಮಿನಿಯಂ ಹಾಳೆ ಹೊದಿಸಿದ್ದರೆ ಮಾತ್ರ ಈ ಉಪಾಯ ನಡೆಯದು. ಆಗ ಹಿತ್ತಲಿನ ಬಾಲ್ಕನಿಯೇ ಗತಿ. ಅಟ್ಟ ಹತ್ತುವ ಕೆಲಸವನ್ನು ಅಳಿಯನಿಗೆ ಬಿಡಿ. ಅಲ್ಲಿ ತೊಲೆಯ ಮೇಲೆಯೇ ಕಾಲಿಡಬೇಕು, ಪಕ್ಕದಲ್ಲಿಟ್ಟರೆ ಚಾವಣಿಯೇ ಕುಸಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ಬೀಳುವುದು ಸಣ್ಣ ವಿಷಯವಲ್ಲ.

ಕೇಬಲ್ಲಿನಲ್ಲಿ ಮೋಸಹೋಗುವವರು ಬಹಳ. ತೆಳುವಾದ ಆರ್‌ಜಿ-58 ಕೇಬಲ್ 15 ಮೀಟರ್ ಓಡಿದರೆ, ಆಂಟೆನಾ ಹಿಡಿದದ್ದರಲ್ಲಿ ಹತ್ತಿರಹತ್ತಿರ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ಟಿವಿಗೆ ಬಳಸುವ ಆರ್‌ಜಿ-6 ಅಗ್ಗ, ಸೋರಿಕೆಯೂ ಕಾಲು ಭಾಗದೊಳಗೆ. ಅದು 75 ಓಮ್‌ನದು, ಸೆಟ್ಟು 50 ಓಮ್‌ನದು ಎಂದು ಯಾರಾದರೂ ಹೆದರಿಸಬಹುದು. ಬರೀ ಕೇಳುವವರಿಗೆ ಆ ವ್ಯತ್ಯಾಸ ಕಿವಿಗೆ ಬೀಳುವುದಿಲ್ಲ.

ಆಂಪ್ಲಿಫೈಯರ್ ಕೊಳ್ಳಬೇಡಿ. ಗದ್ದಲವನ್ನೂ ಅದು ಹಿಗ್ಗಿಸುತ್ತದೆ. ಪಕ್ಕದಲ್ಲೇ 88ರಿಂದ 108ರವರೆಗೆ ಎಫ್‌ಎಂ ಕೇಂದ್ರಗಳ ಆರ್ಭಟ ಇರುವುದರಿಂದ ಸೆಟ್ಟು ಉಸಿರುಗಟ್ಟಬಹುದು. ಹಾಡು ಇಣುಕತೊಡಗಿದರೆ ಒಂದು ಎಫ್‌ಎಂ ಫಿಲ್ಟರ್ ಸಾಕು. ಗೊರಗೊರ ಉಳಿದರೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ; ಇಲ್ಲಿ ಬಳಸುವುದು ಎಎಂ ಆದ್ದರಿಂದ ಅವುಗಳ ಕಿರಿಕಿರಿ ನೇರವಾಗಿ ಕೇಳಿಸುತ್ತದೆ.

ಪರೀಕ್ಷೆಗೆ ಪೈಲಟ್‌ಗಳ ದನಿಯನ್ನು ನಂಬಬೇಡಿ, ವಿಮಾನ ಸರಿದಂತೆ ಅದು ಬದಲಾಗುತ್ತದೆ. ನಿಲ್ದಾಣಗಳು ಹವಾಮಾನ, ರನ್‌ವೇ ವಿವರವನ್ನು ಬಿಡದೆ ಬಿತ್ತರಿಸುವ ಏಟಿಸ್ ಎಂಬ ಚಾನೆಲ್ ಇದೆ. ಅದು ನೆಲದಿಂದಲೇ, ಒಂದೇ ಬಲದಲ್ಲಿ ಬರುತ್ತದೆ. ಸ್ಯಾನ್ ಹೋಸೆಯ ಏಟಿಸ್‌ಗೆ ಹಚ್ಚಿ, ಗದ್ದಲ ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಪೂರ್ತಿ ತೆರೆದು, ನೀವು ಕೆಳಗೆ ಕೇಳುತ್ತಿರಿ. ಅಳಿಯ ಮೇಲೆ ಆಂಟೆನಾವನ್ನು ಅತ್ತಿತ್ತ ಸರಿಸಲಿ. ಒಂದಡಿ ಸರಿದರೂ ದನಿ ಏರಬಹುದು. ಅತಿ ಸ್ಪಷ್ಟವಾದ ಜಾಗಕ್ಕೆ ಮೊಳೆ ಹೊಡೆಯಿರಿ.

ಊರಿಗೆ ಬರುವಾಗ ಸೆಟ್ಟು ಮಗಳ ಮನೆಯಲ್ಲೇ ಇರಲಿ. ವಿಮಾನಯಾನದ ಮಾತು ಕೇಳಲು ಕದ್ದಾಲಿಕೆ ತಡೆಯುವ ಅಮೆರಿಕದ 1986ರ ಕಾನೂನಿನ ಅಡ್ಡಿಯಿಲ್ಲ. ಆದರೆ ಭಾರತದಲ್ಲಿ ಇಂಥ ರೇಡಿಯೊ ಇಟ್ಟುಕೊಳ್ಳಲು ಪರವಾನಗಿ ಬೇಕು.